ಪಿನ್ ನೋಡಿ ರ್ಯಾಕ್ ಕೊಳ್ಳಿ

ನಾನು ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬಳೇ ಭಾರ ಎತ್ತುತ್ತೇನೆ. ಮನೆಯವರೆಲ್ಲ ಇನ್ನೂ ಮಲಗಿರುತ್ತಾರೆ. ಬೆಂಚ್ ಪ್ರೆಸ್ ಮಾಡುವಾಗ, ಅಂದರೆ ಬೆಂಚ್ ಮೇಲೆ ಮಲಗಿ ಭಾರದ ರಾಡು ಎತ್ತುವಾಗ, ಅದು ಎದೆಯ ಮೇಲೇ ಕೂತುಬಿಟ್ಟರೆ ಎತ್ತಿಕೊಡುವವರು ಯಾರೂ ಇಲ್ಲ. ಹಾಗಾಗಿ ಪವರ್ ರ್ಯಾಕ್, ಅಂದರೆ ರಾಡು ಇಡುವ ನಾಲ್ಕು ಕಂಬದ ಚೌಕಟ್ಟು, ಕೊಳ್ಳುವಾಗ ನನಗೆ ಮೊದಲು ಅದರ ಸೇಫ್ಟಿ ಪಿನ್, ಬೀಳುವ ರಾಡನ್ನು ತಡೆಯುವ ಅಡ್ಡ ಸರಳು. ಪುಲ್ಲಿ, ಡಿಪ್ ಹ್ಯಾಂಡಲ್, ಬಣ್ಣ ಎಲ್ಲ ಆಮೇಲೆ.

ಜಿಮ್‌ಗೇ ಹೋಗಬಹುದಿತ್ತಲ್ಲ ಅಂತ ಕೇಳುತ್ತಾರೆ. ನಾನು ಹೋಗುತ್ತಿದ್ದ ಕಡೆ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಮಾತ್ರ ಸಮಯ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ನೌಕರಿ ಮಾಡುವ ಹೆಂಗಸು ಮಧ್ಯಾಹ್ನ ಜಿಮ್‌ಗೆ ಹೋಗುವುದು ಆಗದ ಮಾತು. ಅದಕ್ಕೇ ಜೇವರ್ಗಿ ರಸ್ತೆ ಕಡೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಎಲ್ಲ ಜೋಡಿಸಿಕೊಂಡೆ.

ಅಂಗಡಿಗಳಲ್ಲಿ ಮೊದಲು ತೋರಿಸಿದ್ದು ಎರಡು ಬಿಡಿ ಕಂಬಗಳ ಸ್ಕ್ವಾಟ್ ಸ್ಟ್ಯಾಂಡ್. "ಹೆಣ್ಣುಮಕ್ಕಳಿಗೆ ಇಷ್ಟು ಗಟ್ಟಿದ್ದು ಯಾಕೆ ಬೇಕು ಮೇಡಂ, ಇದು ಸಾಕು" ಅಂದರು. ಸಾಲದು. ರಾಡು ಕೈ ತಪ್ಪಿದರೆ ಗಂಡಸು ಹೆಂಗಸು ಅಂತ ನೋಡಿ ಬೀಳುವುದಿಲ್ಲ. ಬಿಡಿ ಕಂಬಕ್ಕೆ ರಾಡನ್ನು ಒಂದು ಕಡೆ ಸ್ವಲ್ಪ ಜೋರಾಗಿ ಇಟ್ಟರೂ ಕಂಬ ವಾಲುತ್ತದೆ. ನಾಲ್ಕು ಕಂಬದ ರ್ಯಾಕ್‌ನಲ್ಲಿ ಪಿನ್ ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಹಾಯುತ್ತದೆ. ನೀವು ಅದರ ಒಳಗೇ ನಿಂತಿರುತ್ತೀರಿ. ರಾಡು ಬಿದ್ದರೆ ಪಿನ್ ಮೇಲೆ ಬೀಳುತ್ತದೆ.

ಆದರೆ ಪಿನ್ ಇದ್ದರಷ್ಟೇ ಸಾಲದು, ಅದು ಸರಿಯಾದ ಎತ್ತರಕ್ಕೆ ಕೂರಬೇಕು. ಇದನ್ನು ನನಗೆ ಯಾವ ಅಂಗಡಿಯವರೂ ಹೇಳಲಿಲ್ಲ. ಬೆಂಚ್ ಮೇಲೆ ಮಲಗಿ ಬೆನ್ನನ್ನು ಸ್ವಲ್ಪ ಕಮಾನು ಮಾಡಿ ಎದೆ ಎತ್ತಿದಾಗ ರಾಡು ಎದೆಗೆ ಮುಟ್ಟಬೇಕು, ಪಿನ್ ಅಡ್ಡ ಬರಬಾರದು. ಎತ್ತಲು ಆಗದೆ ಬೆನ್ನು ಸಡಿಲ ಬಿಟ್ಟು ಮಲಗಿದರೆ ರಾಡು ಪಿನ್ ಮೇಲೆ ಕೂರಬೇಕು, ಕುತ್ತಿಗೆಗೆ ತಾಗಬಾರದು. ಈ ಎರಡರ ನಡುವೆ ನನಗೆ ಸಿಗುವ ಅಂತರ ಮೂರು ಸೆಂಟಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಕಂಬದಲ್ಲಿ 2 ಇಂಚಿಗೊಂದು ತೂತು ಇದ್ದರೆ, ಅಂದರೆ 5 ಸೆಂಟಿಮೀಟರಿಗೊಂದು, ಮೇಲಿನ ತೂತಿನಲ್ಲಿ ಪಿನ್ ಹಾಕಿದರೆ ರಾಡು ಎದೆಗೇ ಬರುವುದಿಲ್ಲ. ಕೆಳಗಿನದರಲ್ಲಿ ಹಾಕಿದರೆ ಗಂಟಲು ಬಯಲಾಗುತ್ತದೆ. ಬೆಂಚ್ ಎತ್ತರದ ಭಾಗದಲ್ಲಾದರೂ 1 ಇಂಚಿಗೊಂದು ತೂತು ಇರುವ ರ್ಯಾಕ್ ಕೇಳಿ. ಇದಕ್ಕೆ ವೆಸ್ಟ್‌ಸೈಡ್ ಸ್ಪೇಸಿಂಗ್ ಅನ್ನುತ್ತಾರೆ. ಈಗಾಗಲೇ 2 ಇಂಚಿನದು ಮನೆಯಲ್ಲಿದ್ದರೆ ಬೆಂಚ್ ಕಾಲುಗಳ ಕೆಳಗೆ 18 ಎಂಎಂ ಪ್ಲೈವುಡ್ ಅಗಲವಾಗಿ ಹಾಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಏನೇ ಮಾಡಿದರೂ ಮೊದಲು ಖಾಲಿ ರಾಡು ಹಿಡಿದು ಮಲಗಿ, ಬೇಕೆಂದೇ ಸೋತು ನೋಡಿ. ಆಮೇಲೆ ಭಾರದ ಪ್ಲೇಟು ಹಾಕಿ.

ಕಪನೂರಿನ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪ್‌ನಲ್ಲಿ ಮಾಡಿಸುವ ಯೋಚನೆಯೂ ಇತ್ತು. ಅವರು ಬೇರೊಬ್ಬರಿಗೆ ಮಾಡಿಟ್ಟಿದ್ದ ರ್ಯಾಕ್ ನೋಡಿದೆ. ಬೆಸುಗೆ ಭಾಳ ಗಟ್ಟಿ, ಪೈಪೂ ದಪ್ಪ. ತೂತುಗಳನ್ನು ಮಾತ್ರ ಕೈಯಿಂದ ಡ್ರಿಲ್ ಮಾಡಿದ್ದರು. ಎಡಕ್ಕೂ ಬಲಕ್ಕೂ ನಾಲ್ಕು ಎಂಎಂ ವ್ಯತ್ಯಾಸ, ಪಿನ್ ಹಿಂದಿನ ಕಂಬ ಮುಟ್ಟುವಾಗ ಸಿಕ್ಕಿಕೊಳ್ಳುತ್ತಿತ್ತು. ಪ್ಲೇಟು ಇಡುವ ಸ್ಟ್ಯಾಂಡ್ ಮಾಡಿಸಲು ಅವರೇ ಸರಿ, ಮಾಡಿಸಿದೆ ಕೂಡ. ರ್ಯಾಕ್‌ಗೆ ಲೇಸರ್‌ನಲ್ಲಿ ಕತ್ತರಿಸಿದ ತೂತು ಬೇಕು.

ಕೊನೆಗೆ ತಂದದ್ದು ಜಲಂಧರ್‌ನಲ್ಲಿ ತಯಾರಾದ ರ್ಯಾಕ್, ಹೈದರಾಬಾದಿನ ಡೀಲರ್ ಮೂಲಕ. ಕಂಬ 3 ಇಂಚು ಚೌಕ, ಪೈಪಿನ ಗೋಡೆ 11 ಗೇಜ್ ದಪ್ಪ, ಅಂದರೆ ಸುಮಾರು 3 ಎಂಎಂ. ಗೇಜ್ ನಂಬರ್ ಕಡಿಮೆ ಆದಷ್ಟೂ ಕಬ್ಬಿಣ ದಪ್ಪ, ನೆನಪಿರಲಿ. 14 ಗೇಜ್ ಅಂದರೆ ಸುಮಾರು 2 ಎಂಎಂ. "400 ಕೆಜಿ ತಡೆಯುತ್ತದೆ" ಅನ್ನುವ ಸ್ಟಿಕ್ಕರ್ ನಂಬಬೇಡಿ. ಸುಮ್ನೆ ಇಟ್ಟ ಭಾರಕ್ಕೋ, ಬೀಳುವ ಭಾರಕ್ಕೋ ಅಂತ ಅದರಲ್ಲಿ ಬರೆದಿರುವುದಿಲ್ಲ. ಗೇಜ್ ಕೇಳಿ. ರಾಡು ಇಡುವ ಕೊಕ್ಕೆ, ಅಂದರೆ ಜೆ-ಹುಕ್ ಒಳಗೆ ಪ್ಲಾಸ್ಟಿಕ್ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ರಾಡಿನ ಹಿಡಿತದ ಗೀರುಗಳು ಸವೆಯುತ್ತವೆ.

ಅಳತೆ ವಿಷಯ. ಒಲಿಂಪಿಕ್ ರಾಡು 20 ಕೆಜಿ, 2.2 ಮೀಟರ್ ಉದ್ದ. ಹೆಣ್ಣುಮಕ್ಕಳದು 15 ಕೆಜಿ, 2.01 ಮೀಟರ್, ಹಿಡಿತ ಸ್ವಲ್ಪ ತೆಳು. ಎರಡಕ್ಕೂ ಪ್ಲೇಟು ಕೂರುವ ತುದಿಗಳ ನಡುಭಾಗ 131 ಸೆಂಟಿಮೀಟರ್ ಇರುವುದರಿಂದ 4 ಅಡಿ ಅಗಲದ ರ್ಯಾಕ್ ಮೇಲೆ ಎರಡೂ ಕೂರುತ್ತವೆ. ಸೆಟ್ ಜೊತೆ ಅಂತ ನನಗೆ ತೋರಿಸಿದ 5 ಅಡಿ ರಾಡು ನಡುಭಾಗ ಸಾಲದೆ ಕೂರುತ್ತಿರಲಿಲ್ಲ. ನಮ್ಮ ಕೋಣೆ 10 ಅಡಿಗೆ 12. ರಾಡನ್ನು 12 ಅಡಿ ಗೋಡೆಯ ಉದ್ದಕ್ಕೆ ಬರುವಂತೆ ಇಟ್ಟೆವು, ಎರಡೂ ಬದಿ ಎರಡೆರಡು ಅಡಿಗಿಂತ ಜಾಸ್ತಿ ಜಾಗ ಉಳಿಯಿತು. ಪ್ಲೇಟು ಹಾಕಲು ಅಷ್ಟು ಬೇಕೇ ಬೇಕು. ಸೀಲಿಂಗ್ ಫ್ಯಾನ್ ತೆಗೆಸಿ ಗೋಡೆಗೆ ಹಾಕಿಸಿದೆ. ಮಗ ಆರಡಿ ಇದ್ದಾನೆ, ಅವನು ನಿಂತು ರಾಡನ್ನು ತಲೆಯ ಮೇಲೆ ಎತ್ತಿದರೆ ಪ್ಲೇಟಿನ ಅಂಚು ಎಂಟು ಅಡಿ ದಾಟುತ್ತದೆ.

ನೆಲ ನಮ್ಮೂರಿನ ಮನೆಗಳಂತೆ ಶಹಾಬಾದ ಫರ್ಸಿ, ಅಂದರೆ ಚಪ್ಪಡಿ ಕಲ್ಲು. ನಡೆಯಲು ತಂಪು, ಆದರೆ ಅದು ಸುಣ್ಣದ ಕಲ್ಲು. ಒಂದೇ ಕಡೆ ಪೆಟ್ಟು ಬಿದ್ದರೆ ಸೀಳುತ್ತದೆ. ಅದಕ್ಕೆ ಬೋಲ್ಟ್ ಹೊಡೆಯುವುದು ನನಗೆ ಇಷ್ಟವಿರಲಿಲ್ಲ. ಎರಡು ಪದರ ಪ್ಲೈವುಡ್ ಅಡ್ಡ ಉದ್ದ ಹಾಸಿ, ರ್ಯಾಕ್‌ನ ಕಾಲುಗಳನ್ನು ಅದಕ್ಕೇ ಬೋಲ್ಟ್ ಮಾಡಿ, ಉಳಿದ ಜಾಗಕ್ಕೆ ರಬ್ಬರ್ ಮ್ಯಾಟ್ ಹಾಕಿದೆವು. ಮಗ ಪುಲ್-ಅಪ್ ಮಾಡಿದರೂ ರ್ಯಾಕ್ ಕದಲುವುದಿಲ್ಲ.

ಬೆಂಚ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಮೊದಲು ಒಳ್ಳೆಯ ಫ್ಲಾಟ್ ಬೆಂಚ್. ನಾನು 5 ಅಡಿ 2 ಇಂಚು. ನೋಡಿದ ಅಡ್ಜಸ್ಟಬಲ್ ಬೆಂಚುಗಳು 48 ಸೆಂಟಿಮೀಟರ್ ಎತ್ತರ ಇದ್ದವು, ಮಲಗಿದರೆ ನನ್ನ ಹಿಮ್ಮಡಿ ನೆಲ ಮುಟ್ಟಲೇ ಇಲ್ಲ. ಕಾಲು ಊರದೆ ಬೆಂಚ್ ಪ್ರೆಸ್ ಹೇಗೆ ಮಾಡುವುದು? ಮೇಲಾಗಿ ಸೀಟಿಗೂ ಬೆನ್ನಿನ ಹಲಗೆಗೂ ನಡುವೆ ಸಂದು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ನಿಯಮದಲ್ಲಿ ಬೆಂಚ್ ಎತ್ತರ 42ರಿಂದ 45 ಸೆಂಟಿಮೀಟರ್, ಅಗಲ 29ರಿಂದ 32. ನಾನು ತಂದದ್ದು 43 ಎತ್ತರ, 30 ಅಗಲ. ಅಗ್ಗದ ಬೆಂಚುಗಳ 25 ಸೆಂಟಿಮೀಟರ್ ಹಲಗೆಯಲ್ಲಿ ಭುಜದ ಮೂಳೆಗಳು ಅಂಚಿನಿಂದ ಹೊರಗೆ ಉಳಿಯುತ್ತವೆ, ಭಾರ ಹೆಚ್ಚಾದಾಗ ಅದು ಗೊತ್ತಾಗುತ್ತದೆ. ಕೊಳ್ಳುವ ಮುಂಚೆ ಫೋಮ್ ಮೇಲೆ ಮೊಣಕಾಲು ಊರಿ ಒತ್ತಿ. ಕೆಳಗಿನ ಹಲಗೆ ತಾಗಿದರೆ ಬಿಡಿ. ಮಗನಿಗೆ ಇನ್‌ಕ್ಲೈನ್ (ಓರೆಯಾಗಿ ಮಲಗಿ ಎತ್ತುವುದು) ಬೇಕಂತೆ, ಅದಕ್ಕೆ ಬೇರೆ ಬೆಂಚ್ ಮುಂದೆ ತರೋಣ ಅಂದಿದ್ದೇನೆ.

ಈ ರ್ಯಾಕ್‌ನಲ್ಲಿ ಕೊರತೆ ಇಲ್ಲವೇ? ಇದೆ. ಜೆ-ಹುಕ್ ಸರಿಸುವ ತೂತುಗಳ ಸುತ್ತ ಬಣ್ಣ ಆಗಲೇ ಎದ್ದಿದೆ. ಬೋಲ್ಟ್ ಚೀಲದಲ್ಲಿ ಎರಡು ನಟ್ ಕಡಿಮೆ ಇದ್ದವು, ಡೀಲರ್ ಕಳಿಸುವ ಹೊತ್ತಿಗೆ ನಾವೇ ಊರಿನ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿ ತಂದಿದ್ದೆವು. ಟ್ರಾನ್ಸ್‌ಪೋರ್ಟ್‌ನವರು ಮನೆಗೆ ತಲುಪಿಸುವುದಿಲ್ಲ, ಗೋಡೌನ್‌ನಿಂದ ಟಂಟಂ ಆಟೋದಲ್ಲಿ ನಾವೇ ತರಬೇಕು. ಜೋಡಿಸಲು ಇಬ್ಬರು ಬೇಕು. ಬೋಲ್ಟ್‌ಗಳು ಎಂ-16, ಹಾಗಾಗಿ 24 ನಂಬರ್ ಸ್ಪ್ಯಾನರ್ ಎರಡು ತಂದಿಟ್ಟುಕೊಳ್ಳಿ. ಎಲ್ಲ ಬೋಲ್ಟ್ ಮೊದಲು ಸಡಿಲವಾಗಿ ಹಾಕಿ, ನಾಲ್ಕೂ ಕಂಬ ನೇರ ನಿಂತ ಮೇಲೆ ಬಿಗಿ ಮಾಡಿ, ಒಂದು ವಾರ ಭಾರ ಎತ್ತಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.