ಉಣುಗಿಗೆ ಬೆಲ್ಟೋ, ಹನಿಯೋ, ಮಾತ್ರೆಯೋ?

ನಾಯಿಯ ರೇಬೀಸ್ ಚುಚ್ಚುಮದ್ದಿನಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆಗೆ ಜಾಗವೇ ಇಲ್ಲ. ವರ್ಷಕ್ಕೊಮ್ಮೆ ಪಶು ಆಸ್ಪತ್ರೆಗೆ ಕರೆದೊಯ್ದು ಹಾಕಿಸಿಕೊಂಡು ಬಂದರಾಯಿತು. ಜಂತಿನ ಮಾತ್ರೆಯೂ ಹಾಗೆಯೇ, ದೋಸೆಯ ಚೂರಿನೊಳಗೆ ಅಡಗಿಸಿ ಕೊಟ್ಟರೆ ಕೆಲಸ ಮುಗಿಯಿತು. ತಲೆ ಕೆಡಿಸುವುದು ಉಣುಗು. ಶಿರಸಿಯ ಕಡೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕೊಟ್ಟಿಗೆ ಅಂತ ಇಡೀ ದಿನ ಸುತ್ತುವ ನಾಯಿ ಸಂಜೆ ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಕುತ್ತಿಗೆಗೆ ಕಟ್ಟುವ ಔಷಧದ ಬೆಲ್ಟು, ಬೆನ್ನಿಗೆ ಬಿಡುವ ಹನಿ, ಮಾತ್ರೆ, ತೊಳೆಯುವ ಔಷಧ ಎಲ್ಲವನ್ನೂ ಮುಂದಿಡುತ್ತಾರೆ. ಎಲ್ಲದರ ಡಬ್ಬದ ಮೇಲೂ ಅದೇ ನಗುಮುಖದ ನಾಯಿ.

ಇವಿಷ್ಟನ್ನೂ ಒಂದಲ್ಲ ಒಂದು ಕಾಲಕ್ಕೆ ನಮ್ಮ ಕಾಳುವಿನ ಮೇಲೆ ಬಳಸಿಯಾಗಿದೆ. ಕುಮಟಾದಲ್ಲಿರುವ ತಂಗಿಯ ಮನೆಯ ನಾಯಿಗೂ ಹೆಚ್ಚುಕಡಿಮೆ ಇವೇ ಔಷಧಗಳು. ಆದರೂ ನಾವಿಬ್ಬರೂ ಕೊನೆಗೆ ಒಂದೇ ಏರ್ಪಾಡಿಗೆ ಬಂದಿಲ್ಲ. ಘಟ್ಟದ ಮೇಲಿನ ಉಣುಗಿನ ಕಾಟವೇ ಬೇರೆ, ಘಟ್ಟದ ಕೆಳಗಿನದೇ ಬೇರೆ.

ತಂಗಿಯ ಮನೆಯಲ್ಲಿ ಇರುವುದು ಕಂದು ಬಣ್ಣದ ನಾಯಿ ಉಣುಗು. ಅದು ಕಾಡಿನಿಂದ ಬರಬೇಕೆಂದೇನೂ ಇಲ್ಲ, ಮನೆಯಲ್ಲೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನಾಯಿಯ ಮೈಯಿಂದ ಉದುರಿ ಗೋಡೆ ಹತ್ತಿ, ಬಾಗಿಲ ಚೌಕಟ್ಟಿನ ಬಿರುಕಿನಲ್ಲೋ ಕಿಟಕಿಯ ಸಂದಿಯಲ್ಲೋ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ನಾಯಿಗೆ ಬರುವ ಉಣುಗು ಜ್ವರದ ರೋಗಾಣುಗಳಾದ ಎರ್ಲಿಕಿಯಾ, ಬೆಬೀಸಿಯಾ ಎರಡನ್ನೂ ಹರಡುವುದು ಈ ಜಾತಿಯೇ. ಊಟ ಬಿಟ್ಟು ಮಂಕಾಗಿ ಮಲಗುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ರಕ್ತ ಪರೀಕ್ಷೆ ಮಾಡಿಸಲೇಬೇಕು. ಒಂದು ಸಲ ಈ ಜ್ವರ ಬಂದು, ವಾರಗಟ್ಟಲೆ ಡಾಕ್ಸಿಸೈಕ್ಲಿನ್ ಕೊಟ್ಟು, ಮತ್ತೆ ಮತ್ತೆ ಪ್ಲೇಟ್‌ಲೆಟ್ ಎಣಿಸಿ ನೋಡಿದವರು ಔಷಧದ ಬೆಲೆಯ ಬಗ್ಗೆ ಆಮೇಲೆ ಗೊಣಗುವುದಿಲ್ಲ.

ನಮ್ಮಲ್ಲಿ ಅದರ ಜೊತೆಗೆ ಕಾಡಿನ ಉಣುಗೂ ಇದೆ. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಆ ಗುಂಪಿನದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ ನಮ್ಮ ಜಿಲ್ಲೆಗೆ ಹೊಸತೇನಲ್ಲ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಚಳಿಗಾಲ ಕಳೆದು ಬೇಸಿಗೆ ಬರುವಾಗ, ದರಕು, ಅಂದರೆ ಒಣಗಿದ ಎಲೆ ಗುಡಿಸಿ ತರಲು ಜನ ಬೆಟ್ಟಕ್ಕೆ ಹೋಗುವ ಹೊತ್ತಿಗೇ ಮರಿ ಉಣುಗುಗಳೂ ಏಳುತ್ತವೆ. ನಾಯಿ ಆ ಉಣುಗನ್ನು ಮೈಮೇಲೆ ಹೊತ್ತು ಜಗಲಿಗೆ ತಂದು ಬಿಡಬಹುದು. ಹಾಗಾಗಿ ನಾನು ಔಷಧ ಆರಿಸುವಾಗ ನಾಯಿಯ ಜೊತೆ ಮನೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲಕ್ಕಿಂತ ಅಗ್ಗದ್ದು ಅಮಿಟ್ರಾಜ್, ಅಂದರೆ ನೀರಿಗೆ ಬೆರೆಸಿ ಮೈಗೆ ಹಚ್ಚುವ ಔಷಧ. ದನ ಸಾಕಿದವರ ಮನೆಯಲ್ಲಿ ಅದರ ಬಾಟಲಿ ಹೇಗೂ ಇರುತ್ತದೆ. ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ, ವಾಸನೆ ಮೂಗಿಗೆ ಅಡರುತ್ತದೆ. ಉಣುಗು ಸಾಯುವುದು ನಿಜ. ಆದರೆ ಹಚ್ಚಿದ ಮೇಲೆ ತೊಳೆಯದೆ ಒಣಗಲು ಬಿಡಬೇಕು, ಅಷ್ಟು ಹೊತ್ತು ನಾಯಿ ಮೈ ನೆಕ್ಕದಂತೆ ಕಾವಲು ಕೂರಬೇಕು. ಹೊಟ್ಟೆಗೆ ಹೋದರೆ ನಾಯಿ ತೂಕಡಿಸುತ್ತದೆ, ಎದೆಬಡಿತ ನಿಧಾನವಾಗುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆ ಇರುವ ನಾಯಿಯ ಹತ್ತಿರಕ್ಕೂ ಇದು ಬೇಡ. ದನದ ಅಳತೆಯನ್ನೇ ನಾಯಿಗೂ ಅಂದಾಜಿನಲ್ಲಿ ಹಾಕುವ ರೂಢಿಯಂತೂ ಕೆಟ್ಟದ್ದು. ಆಷಾಢದ ಮಳೆಯಲ್ಲಿ ನೆನೆಯುವ ನಾಯಿಯ ಮೇಲೆ ಅದು ನಿಲ್ಲುವುದೂ ಇಲ್ಲ. ನಮ್ಮಲ್ಲಿ ಈಗ ಆ ಬಾಟಲಿ ಕೊಟ್ಟಿಗೆಗೆ ಮಾತ್ರ.

‘ಒಂದು ಇಂಜೆಕ್ಷನ್ ಹೊಡೆಸಿ ಬಿಡು ಮಾರಾಯ, ತಿಂಗಳು ತಲೆಬಿಸಿ ಇಲ್ಲೆ’ ಎನ್ನುವವರೂ ಊರಲ್ಲಿ ಇದ್ದಾರೆ. ಅವರು ಹೇಳುವುದು ಐವರ್ಮೆಕ್ಟಿನ್. ಕಜ್ಜಿಗೆ ಅದು ಒಳ್ಳೆಯ ಔಷಧವೇ ಆದರೂ ನಾಯಿಯ ಉಣುಗಿಗೆ ನಂಬುವಂಥದ್ದಲ್ಲ. ಕುರಿ ಕಾಯುವ ಕೋಲಿ (collie) ಜಾತಿಯ ನಾಯಿಗಳಲ್ಲಿ ಮಿದುಳಿಗೇ ಇಳಿದು ಪ್ರಾಣಕ್ಕೆ ಕುತ್ತು ತರಬಹುದು. ಇದನ್ನು ನಾನು ಹೋಲಿಕೆಗೇ ಸೇರಿಸುವುದಿಲ್ಲ. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆಗಳಿಗೂ ಅದೇ ಮಾತು. ಬೇವಿನ ಎಣ್ಣೆ ಹಚ್ಚಿದ ದಿನ ನಾಯಿ ಘಮಘಮ ಅನ್ನುತ್ತದೆ, ಮರುದಿನ ಉಣುಗು ಎಂದಿನಂತೆ ಹಾಜರು.

ಫಿಪ್ರೊನಿಲ್ ಹನಿ ಇದ್ದುದರಲ್ಲಿ ಸಲೀಸು. ಭುಜಗಳ ನಡುವೆ ಕೂದಲು ಸರಿಸಿ ಚರ್ಮ ಕಾಣುವಂತೆ ಮಾಡಿ, ಅಲ್ಲಿಗೇ ಹಿಂಡಬೇಕು. ಕೂದಲ ಮೇಲೆ ಸುರಿದರೆ ದುಡ್ಡು ನೀರಿಗೆ ಹಾಕಿದಂತೆ. ಚರ್ಮದ ಎಣ್ಣೆಯ ಜೊತೆ ಮೈಯೆಲ್ಲ ಹರಡಿ ಕೂದಲ ಬುಡದ ಗ್ರಂಥಿಗಳಲ್ಲಿ ಕೂತು ತಿಂಗಳುದ್ದಕ್ಕೂ ಒಸರುತ್ತದೆ. ಹಾಕುವ ಮುಂಚೆ, ಹಾಕಿದ ಮೇಲೆ ಎರಡೆರಡು ದಿನ ಸ್ನಾನ ಕೂಡದು. ಅಕ್ಟೋಬರ್‌ನಿಂದ ಮೇವರೆಗೆ ನಮ್ಮಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡಿತು. ತೊಂದರೆ ಬಂದದ್ದು ಮಳೆಗಾಲದಲ್ಲಿ. ಕಾಳುವಿಗೆ ಒಳಗೆ ಕೂರುವ ಅಭ್ಯಾಸವಿಲ್ಲ. ಜುಲೈನಲ್ಲಿ ಅವನ ಮೈ ಎರಡು ದಿನ ಒಣಗಿ ಇರುವುದೆಂದರೆ ಕನಸಿನ ಮಾತು, ತಿಂಗಳು ತುಂಬುವ ಮೊದಲೇ ಕಿವಿಯ ಒಳಗೆ ಉಣುಗು ಕಾಣತೊಡಗಿತು. ಇನ್ನೊಂದು ವಿಷಯ: ಫಿಪ್ರೊನಿಲ್ ಜೇನುನೊಣಕ್ಕೆ ಘೋರ ವಿಷ. ಶಿರಸಿ ಕಡೆ ಹಿತ್ತಲಿನಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು ಬಹಳ. ಖಾಲಿ ಕೊಳವೆಯನ್ನು ತೋಟದಲ್ಲಿ ಎಸೆಯಬೇಡಿ.

ಬೆಲ್ಟಿನ ವಿಷಯಕ್ಕೆ ಬಂದರೆ, ನಿಜವಾದ ಇಕ್ಕಟ್ಟು ಇರುವುದೇ ಇಲ್ಲಿ. ಡೆಲ್ಟಾಮೆಥ್ರಿನ್ ಬೆಲ್ಟ್ ಕಟ್ಟಿದರೆ ಉಣುಗು ಕಚ್ಚುವುದಕ್ಕೂ ಮೊದಲೇ ಮೈ ಬಿಟ್ಟು ಉದುರುತ್ತದೆ. ಕಚ್ಚಿದ ಮೇಲೆ ಕೊಲ್ಲುವುದಕ್ಕಿಂತ ಇದು ಮೇಲು, ಅದರಲ್ಲೂ ಕಾಡಂಚಿನ ಮನೆಗೆ. ಕಟ್ಟುವಾಗ ಕುತ್ತಿಗೆಗೂ ಬೆಲ್ಟಿಗೂ ನಡುವೆ ಎರಡು ಬೆರಳು ತೂರಬೇಕು, ಅದಕ್ಕಿಂತ ಸಡಿಲವಾದರೆ ಚರ್ಮಕ್ಕೆ ತಾಗುವುದೇ ಇಲ್ಲ. ಕಾಳುವಿನ ಕುತ್ತಿಗೆ, ಎದೆಯ ಸುತ್ತ ಒಂದು ಉಣುಗೂ ಸಿಗುತ್ತಿರಲಿಲ್ಲ. ಬಾಲದ ಬುಡ, ಹಿಂಗಾಲ ಬೆರಳ ಸಂದಿಯಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ.

ಆದರೆ ನಮ್ಮನೆಯಲ್ಲಿ ಬೆಕ್ಕಿದೆ. ಬೆಕ್ಕಿನ ಯಕೃತ್ತಿಗೆ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ರಾಸಾಯನಿಕಗಳನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ನಾಯಿಯ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಹಾಕಿದರೆ ಮೈ ನಡುಗಿ, ಸೆಳೆತ ಬಂದು ಸತ್ತೇ ಹೋಗಬಹುದು. ನಮ್ಮ ಚಿಂಟಿ ಚಳಿಗಾಲದಲ್ಲಿ ಮಲಗುವುದು ಕಾಳುವಿನ ಕುತ್ತಿಗೆಗೆ ಬೆನ್ನು ಕೊಟ್ಟುಕೊಂಡು, ಸರಿಯಾಗಿ ಬೆಲ್ಟ್ ಇರುವ ಜಾಗದಲ್ಲಿ. ‘ಆ ಬೆಲ್ಟಿನ ನಾಯಿಯ ಜಗಲಿಗೆ ಹತ್ಸಡ ತಮಾ’ ಎಂದು ಆಯಿ ದಿನಾ ಹೇಳುವುದು, ನಾಯಿಯನ್ನು ಕೆಳಗಿಳಿಸಿದರೆ ಬೆಕ್ಕೂ ಹಿಂದೆಯೇ ಇಳಿಯುವುದು. ಇಮಿಡಾಕ್ಲೊಪ್ರಿಡ್ ಜೊತೆ ಫ್ಲುಮೆಥ್ರಿನ್ ಇರುವ ಒಂದು ಬಗೆಯ ಬೆಲ್ಟ್ ಬೆಕ್ಕಿಗೂ ಆಗುತ್ತದೆ, ಎಂಟು ತಿಂಗಳು ಬಾಳುತ್ತದೆ. ಆದರೆ ಬೆಕ್ಕಿನ ಕುತ್ತಿಗೆಗೆ ಬೆಲ್ಟ್ ಕಟ್ಟಿ ಅಡಿಕೆ ಅಟ್ಟ ಹತ್ತಲು ಬಿಡುವ ಧೈರ್ಯ ನನಗಿಲ್ಲ.

ತಂಗಿಗೆ ಬೆಕ್ಕಿನ ಚಿಂತೆ ಇಲ್ಲ, ಅವಳ ಚಿಂತೆ ಸಿಗಡಿಯದು. ಅವಳ ಮನೆ ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ, ಸಿಗಡಿ ಬೆಳೆಯುವ ಗಜನಿ ಗದ್ದೆಗಳ ಪಕ್ಕ. ನಾಯಿಗೆ ಹೊತ್ತು ಹೋಗದಿದ್ದರೆ ಸೀದಾ ನೀರಿಗೇ ಹಾರುತ್ತದೆ. ಡೆಲ್ಟಾಮೆಥ್ರಿನ್ ಮೀನು, ಸಿಗಡಿಗೆ ತೀರ ಕಡಿಮೆ ಪ್ರಮಾಣದಲ್ಲೂ ವಿಷ. ಸಿಗಡಿಯನ್ನೇ ನಂಬಿದ ನೆರೆಹೊರೆಯವರ ನಡುವೆ ಬೆಲ್ಟ್ ಕಟ್ಟಿದ ನಾಯಿಯನ್ನು ಗಜನಿಯಲ್ಲಿ ಈಜಲು ಬಿಡುವುದು ಚೆನ್ನಾಗಿರುವುದಿಲ್ಲ. ಕಾರವಾರದ ಕಡಲ ದಂಡೆಯಲ್ಲಿ ದಿನಾ ನಾಯಿ ಓಡಿಸುವವರಿಗೂ ಬೆಲ್ಟ್ ಅಷ್ಟಕ್ಕಷ್ಟೇ. ಪದೇ ಪದೇ ನೆನೆದರೆ ಅದರ ಆಯುಸ್ಸೂ ಕುಗ್ಗುತ್ತದೆ.

ಕೊನೆಯದು ಮಾತ್ರೆ. ಆಫೊಕ್ಸೊಲನರ್ ಇರುವ ನೆಕ್ಸ್‌ಗಾರ್ಡ್ ತಿಂಗಳಿಗೊಂದು, ಫ್ಲುರಾಲನರ್ ಇರುವ ಬ್ರಾವೆಕ್ಟೊ ಹನ್ನೆರಡು ವಾರಕ್ಕೊಂದು. ಔಷಧ ರಕ್ತದಲ್ಲಿರುವುದರಿಂದ ಮಳೆ, ಹೊಳೆ, ಸ್ನಾನ ಯಾವುದಕ್ಕೂ ಅದು ಜಗ್ಗುವುದಿಲ್ಲ. ಒಂದೇ ಸಲಕ್ಕೆ ಕೊಡುವ ದುಡ್ಡು ಜಾಸ್ತಿ, ಬ್ರಾವೆಕ್ಟೊಗಂತೂ ಸಾವಿರದ ಮೇಲೆ. ಮೂರು ತಿಂಗಳಿಗೆ ಹಂಚಿ ನೋಡಿದರೆ ಹನಿಯ ಖರ್ಚಿಗಿಂತ ಭಾರೀ ಹೆಚ್ಚೇನಲ್ಲ. ಬ್ರಾವೆಕ್ಟೊವನ್ನು ಹಸಿದ ಹೊಟ್ಟೆಗೆ ಕೊಡಬಾರದು, ಊಟದ ಜೊತೆ ಕೊಟ್ಟರೇ ಮೈಗೆ ಹಿಡಿಯುವುದು. ವಾಸನೆ ಮಾಂಸದ್ದು, ಹಾಗಾಗಿ ನಮ್ಮಲ್ಲಿ ಆ ಡಬ್ಬಕ್ಕೆ ಒಳಗೆ ಪ್ರವೇಶವಿಲ್ಲ, ಜಗಲಿಯ ಗೂಡೇ ಗತಿ. ಕಾಳು ಮಾತ್ರ ಡಬ್ಬದ ಸದ್ದಿಗೇ ಕಿವಿ ನಿಮಿರಿಸುತ್ತಾನೆ. ಕೊಟ್ಟ ಮರುದಿನ ಅವನ ಕಿವಿಯೊಳಗೆ ಕೈಯಾಡಿಸಿದರೆ ಒಣಗಿದ ಕಾಳಿನಂಥ ಸತ್ತ ಉಣುಗು ಬೆರಳಿಗೆ ಬಂತು, ಎಳೆಯುವ ಅಗತ್ಯವೇ ಇರಲಿಲ್ಲ.

ಎರಡು ಕೊರತೆ ಹೇಳಲೇಬೇಕು. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಸೆಳೆತ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಮೊದಲೇ ಸೆಳೆತ ಬಂದಿದ್ದ ನಾಯಿಯಾದರೆ ಡಾಕ್ಟರಿಗೆ ಹೇಳದೆ ಕೊಡಬೇಡಿ. ಎರಡನೆಯದು ನಮ್ಮ ಊರಿಗೆ ತಟ್ಟುವಂಥದ್ದು: ಮಾತ್ರೆ ಉಣುಗನ್ನು ಓಡಿಸುವುದಿಲ್ಲ. ಅದು ಕಚ್ಚಿ ರಕ್ತ ಹೀರಿದ ಮೇಲಷ್ಟೇ, ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಇನ್ನೂ ಕಚ್ಚದೆ ಕೂದಲಲ್ಲಿ ಹರಿದಾಡುವ ಮರಿ ಉಣುಗು ಜಗಲಿಗೆ ಇಳಿದು ಮನುಷ್ಯರ ಕಾಲು ಹತ್ತುವುದನ್ನು ಯಾವ ಮಾತ್ರೆಯೂ ತಡೆಯದು.

ಕುಮಟಾದ ಮನೆಗೆ ಮಾತ್ರೆಯೇ ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ. ಗೋಡೆಯ ಸಂದಿಯಲ್ಲಿ ಎಷ್ಟೇ ಉಣುಗು ಅಡಗಿರಲಿ, ಹೊಟ್ಟೆಪಾಡಿಗೆ ಅದೇ ನಾಯಿಯ ಬಳಿ ಬರಬೇಕು, ಬಂದದ್ದು ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಹಾಗಂತ ಮೊದಲ ಮಾತ್ರೆಗೇ ಮನೆ ಚೊಕ್ಕವಾಗದು. ಸಂದಿಯಲ್ಲಿದ್ದ ಹಳೆಯ ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ. ತಂಗಿ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ನಾಯಿಯ ಗೋಣಿಯನ್ನು ಕುದಿವ ನೀರಿಗೆ ಹಾಕಿ, ಒಂದು ದಿನವೂ ತಪ್ಪದೆ ಮುಂದಿನ ಮಾತ್ರೆ ಕೊಟ್ಟ ಮೇಲೆ ಗೋಡೆಯ ಮೇಲಿನ ಮೆರವಣಿಗೆ ನಿಂತಿತು.

ಶಿರಸಿಯಲ್ಲಿ ನಾನೂ ಮಾತ್ರೆಗೇ ಬಂದಿದ್ದೇನೆ, ಆದರೆ ಮಾತ್ರೆಯೊಂದನ್ನೇ ನೆಚ್ಚಿಕೊಂಡಿಲ್ಲ. ಬೆಕ್ಕಿಲ್ಲದ ಕಾಡಂಚಿನ ಮನೆಯವರು ಕೇಳಿದರೆ ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಬೆಲ್ಟ್ ಕಟ್ಟಿ ಎಂದೇ ಹೇಳುತ್ತೇನೆ. ನಮ್ಮಲ್ಲಿ ಬೆಲ್ಟಿನ ಕೆಲಸವನ್ನು ಕೈ ಮಾಡುತ್ತಿದೆ. ಬೆಟ್ಟದಿಂದ ಬಂದ ಕಾಳುವನ್ನು ಅಂಗಳದಲ್ಲೇ ತಡೆದು, ಕೈಗವಸು ಹಾಕಿಕೊಂಡು ಕಿವಿಯ ಮಡಿಕೆ, ಕಂಕುಳು, ಬೆರಳ ಸಂದಿ, ಬಾಲದ ಅಡಿ ನೋಡುವುದು. ಕಚ್ಚಿಕೊಂಡದ್ದನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಬೆರಳಲ್ಲಿ ಹಿಸುಕಬಾರದು. ಕಿತ್ತದ್ದೆಲ್ಲ ಬಚ್ಚಲ ಒಲೆಗೆ.

ಚಿಂಟಿಗೆ ಬೆಕ್ಕಿನ ಅಳತೆಯ ಫಿಪ್ರೊನಿಲ್ ಹನಿ ಸಾಕಾಗಿದೆ. ಅವಳು ಮಳೆಗೆ ಹೊರಗೆ ಕಾಲಿಡುವವಳಲ್ಲ, ಹಾಗಾಗಿ ತಿಂಗಳು ಪೂರ್ತಿ ಬಾಳುತ್ತದೆ. ನಾಯಿಯ ಹನಿಯನ್ನೇ ಅರ್ಧ ಮಾಡಿ ಬೆಕ್ಕಿಗೆ ಹಾಕಿ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಡಬ್ಬ ತಿರುಗಿಸಿ ಒಳಗಿರುವ ಔಷಧದ ಹೆಸರು ಓದಿ. ಪರ್ಮೆಥ್ರಿನ್ ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ.