ಒಂದು ಓಸಿಎಕ್ಸ್ ಕಡತದ ಹಿಂದೆ ಹೋಗಿ ಕಳೆದುಕೊಂಡ ಲೆಕ್ಕ

ಹಳೆಯ ಶೇರ್‌ವೇರ್ (ಮೊದಲು ಬಳಸಿ ನೋಡಿ ಆಮೇಲೆ ಹಣ ಕೊಡುವ) ತಂತ್ರಾಂಶವನ್ನು ಹೊಸ ಕಂಪ್ಯೂಟರಿಗೆ ಹಾಕಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು ಆ ದಿನವೇ ಕಾಣಿಸಿತು, ಎರಡನೆಯದು ನಾಲ್ಕು ತಿಂಗಳು ಅಡಗಿ ಕುಳಿತಿತ್ತು.

ಶಿರಸಿಯಲ್ಲಿ ಚಿಕ್ಕಪ್ಪನದು ಅಡಿಕೆ ವಖಾರಿ. ತೂಕ, ದರ, ಬಾಕಿಗಳನ್ನೆಲ್ಲ ಅವರು ಬರೆದಿಡುತ್ತಿದ್ದುದು ಮೈಕ್ರೋಸಾಫ್ಟ್‌ನ ಹಳೆಯ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಬೇಸಿಕ್ 6ರಲ್ಲಿ ಮಾಡಿದ ಒಂದು ಪುಟ್ಟ ತಂತ್ರಾಂಶದಲ್ಲಿ. ಹಳೆಯ ಕಂಪ್ಯೂಟರ್ ಕೆಟ್ಟು ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಬಂದಾಗ, ಬೇರೆ ತಂತ್ರಾಂಶ ಕೊಳ್ಳೋಣ ಎಂದೆ. "ಬೇಡ ತಮ್ಮಾ, ಕೈಗೆ ಹತ್ತಿದ್ದು ಇದೇ" ಎಂದರು. ಅನುಸ್ಥಾಪನೆಯ ಸಿಡಿ ಎಲ್ಲೋ ಕಳೆದುಹೋಗಿತ್ತು. ಹಳೆಯ ಡಿಸ್ಕಿನಿಂದ ಇಡೀ ಫೋಲ್ಡರನ್ನು ವಿಂಡೋಸ್ ತಂತ್ರಾಂಶಗಳನ್ನಿಡುವ ಪ್ರೋಗ್ರಾಮ್ ಫೈಲ್ಸ್‌ಗೆ ನಕಲಿಸಿ ತೆರೆದರೆ, ಎಂಎಸ್‌ಕಾಮ್‌ಸಿಟಿಎಲ್.ಓಸಿಎಕ್ಸ್ ಇಲ್ಲ ಎಂಬ ದೂರು. ಓಸಿಎಕ್ಸ್ ಎಂದರೆ ತಂತ್ರಾಂಶದ ಪರದೆಯ ಪಟ್ಟಿ, ಗುಂಡಿಗಳಂಥ ಸಿದ್ಧ ಭಾಗಗಳಿರುವ ಕಡತ.

ಡಯಲ್-ಅಪ್ ಕಾಲದಲ್ಲಿ ಇಂಥ ತಂತ್ರಾಂಶದ ಗಾತ್ರ ಕೆಲವೇ ನೂರು ಕೆಬಿ. ಅದನ್ನು ಓಡಿಸುವ ರನ್‌ಟೈಮ್ ಕಡತವೊಂದೇ ಒಂದು ಎಂಬಿಗಿಂತ ಹೆಚ್ಚು. ಹಾಗಾಗಿ ಎಷ್ಟೋ ಮಂದಿ ಅದನ್ನು ಜೊತೆಗೆ ಕಟ್ಟದೆ "ಬೇರೆಯಾಗಿ ಇಳಿಸಿಕೊಳ್ಳಿ" ಎಂದು ಬಿಡುತ್ತಿದ್ದರು. ಮೂಲ ರನ್‌ಟೈಮ್ ಈಗ ವಿಂಡೋಸ್‌ನಲ್ಲೇ ಇರುತ್ತದೆ, ಈ ಓಸಿಎಕ್ಸ್‌ಗಳು ಇರುವುದಿಲ್ಲ.

ನಾನು ಕಡತದ ಹೆಸರನ್ನೇ ಹುಡುಕಿ, ಮೊದಲು ಸಿಕ್ಕ ತಾಣದಿಂದ ಇಳಿಸಿಕೊಂಡೆ. ಜೊತೆಗೆ "ದುರಸ್ತಿ ಸಾಧನ"ವೊಂದು ತಾನಾಗಿ ಬಂದು ಕುಳಿತು, ನೂರಾರು ದೋಷಗಳನ್ನು ತೋರಿಸಿ ಹಣ ಕೇಳಿತು. ಬ್ರೌಸರಿನ ಮುಖಪುಟ ಬದಲಾಯಿತು. ಕಡತವನ್ನು ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಹಾಕಿ, ಅದನ್ನು ವಿಂಡೋಸ್‌ನಲ್ಲಿ ನೋಂದಾಯಿಸುವ ರೆಗ್‌ಎಸ್‌ವಿಆರ್32 ಆದೇಶ ಓಡಿಸಿದರೂ ನೋಂದಣಿ ಆಗಲಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಕಡತಗಳು ಇರಬೇಕಾದ್ದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. ಹೆಸರಿನಲ್ಲಿ 32 ಇರುವ ಫೋಲ್ಡರಿನಲ್ಲಿ 64 ಬಿಟ್‌ನವು, 64 ಇರುವುದರಲ್ಲಿ 32 ಬಿಟ್‌ನವು! ಇದನ್ನು ಹೀಗೆ ಹೆಸರಿಸಿದವರಿಗೆ ಒಂದು ನಮಸ್ಕಾರ. ಅಲ್ಲಿಗೆ ಸರಿಸಿ, ನಿರ್ವಾಹಕನಾಗಿ (ಅಡ್ಮಿನಿಸ್ಟ್ರೇಟರ್) ನೋಂದಾಯಿಸಿದ ಮೇಲೆ ತಂತ್ರಾಂಶ ತೆರೆಯಿತು. ಗೆದ್ದೆನೆಂದುಕೊಂಡೆ.

ನವೆಂಬರಿನಿಂದ ಫೆಬ್ರವರಿವರೆಗೆ ಲೆಕ್ಕ ಸಾಗಿತು. ಆದರೆ ಆ ದುರಸ್ತಿ ಸಾಧನದ ಕಾಟಕ್ಕೆ ಯಂತ್ರ ತೆವಳತೊಡಗಿತು. ಕಂಪ್ಯೂಟರ್ ರಿಪೇರಿಯವರ ಬಳಿ ವಿಂಡೋಸ್ ಹೊಸದಾಗಿ ಹಾಕಿಸುವ ಮೊದಲು, ತಂತ್ರಾಂಶದ ಫೋಲ್ಡರನ್ನು ನಾನೇ ಪೆನ್‌ಡ್ರೈವ್‌ಗೆ ನಕಲಿಸಿದೆ. ವಾಪಸ್ ಹಾಕಿ ನೋಡಿದರೆ ಲೆಕ್ಕ ನಾನು ಅದನ್ನು ಲ್ಯಾಪ್‌ಟಾಪಿಗೆ ತಂದ ದಿನಕ್ಕೇ ನಿಂತಿತ್ತು.

ವಿಂಡೋಸ್ ವಿಸ್ಟಾದಿಂದೀಚೆಗೆ, ಇಂಥ ಹಳೆಯ ತಂತ್ರಾಂಶ ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಬರೆಯಲು ಹೋದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಬಳಕೆದಾರನ ಆಪ್‌ಡೇಟಾ ಒಳಗಿನ ವರ್ಚುಯಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಅದು ಅಡಗಿಸಿದ ಫೋಲ್ಡರ್. ನಿಜವಾದ ಲೆಕ್ಕ ಅಲ್ಲಿತ್ತು, ಫಾರ್ಮ್ಯಾಟಿನಲ್ಲಿ ಹೋಯಿತು. ರಿಪೇರಿಯವರ ತಪ್ಪಲ್ಲ. ಬ್ಯಾಕಪ್ ಇದೆ ಎಂದು ಹೇಳಿದವನು ನಾನೇ.

ಆದ್ದರಿಂದ ಹಳೆಯ ತಂತ್ರಾಂಶವನ್ನು ಸಿ ಡ್ರೈವಿನ ಮೇಲಿನ ಹಂತದಲ್ಲೇ ನೇರವಾಗಿಯೋ ಡಿ ಡ್ರೈವಿನಲ್ಲೋ ನಿಮ್ಮದೇ ಫೋಲ್ಡರ್ ಮಾಡಿ ಇಡಿ. ಓಸಿಎಕ್ಸ್ ಬೇಕಾದರೆ ಮೈಕ್ರೋಸಾಫ್ಟ್‌ನ ತಾಣದಲ್ಲಿ ವಿಷುಯಲ್ ಬೇಸಿಕ್ 6ರ ಸರ್ವಿಸ್ ಪ್ಯಾಕ್ 6ರ ಪರಿಷ್ಕರಣೆ ಹುಡುಕಿ. ಓಸಿಎಕ್ಸ್, ಡಿಎಲ್ಎಲ್‌ನಂಥ ಕಡತಗಳನ್ನು ಬಿಡಿಬಿಡಿಯಾಗಿ ಹಂಚುವ ತಾಣಗಳ ಕಡೆ ಹೋಗಬೇಡಿ.

ಈಗ ಪ್ರತಿ ಭಾನುವಾರ ಚಿಕ್ಕಪ್ಪ ತೂಕದ ಚೀಟಿಗಳನ್ನು ಒಂದೊಂದಾಗಿ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ನವೆಂಬರ್ ಮುಗಿದಿದೆ.