ಐಡೆಂಟಿಫೈ ಮತ್ತು ಎಎಂಬಿಲಿಸ್ಟ್: 11 ವರ್ಷದ ಬಳಕೆಯ ಮೇಲೆ

ಶಿರಸಿಯ ಮನೆಯಿಂದಲೇ ಒಂದು ಬ್ಯಾಂಕಿನ ಮೇನ್‌ಫ್ರೇಮ್ (ದೊಡ್ಡ ಕಂಪ್ಯೂಟರ್) ಬ್ಯಾಚ್, ಅಂದರೆ ಸಾಲಾಗಿ ಓಡುವ ಜಾಬ್‌ಗಳನ್ನು, ನೋಡಿಕೊಳ್ಳುತ್ತೇನೆ. ಕಂಪೈಲ್ ಆದ ತುಂಡುಗಳನ್ನು ಓಡಬಲ್ಲ ಒಂದು ಮಾಡ್ಯೂಲಾಗಿ ಜೋಡಿಸುವುದು ಅದರ ಓಎಸ್ ಆದ ಜೆಡ್/ಓಎಸ್‌ನ ಬೈಂಡರ್. ಒಂದು ತುಂಡಿಗೆ ಗುರುತಿನ ಬರಹ ಹಾಕುವ ಬೈಂಡರ್‌ನ ಐಡೆಂಟಿಫೈ ಸ್ಟೇಟ್‌ಮೆಂಟನ್ನು 11 ವರ್ಷದಿಂದ ಬಳಸುತ್ತಿದ್ದೇನೆ. ಅದರ ಬೆಲೆ ಪೂರ್ತಿ ತಿಳಿದದ್ದು 2023ರ ಜುಲೈಯ ಒಂದು ರಾತ್ರಿ.

ಹೊರಗೆ ಧೋ ಎಂದು ಮಳೆ, ಕರೆಂಟಿಲ್ಲ, ಯುಪಿಎಸ್ ಮೇಲೆ ಕೆಲಸ. ಬಡ್ಡಿ ಲೆಕ್ಕದ ಜಾಬ್ ಎಸ್‌0ಸಿ7 ಅಬೆಂಡ್ ಆಯಿತು, ಅಂದರೆ ಆ ದೋಷದಿಂದ ನಡುವೆಯೇ ನಿಂತಿತು. ಅಂಕಿ ಇರಬೇಕಾದಲ್ಲಿ ಅಂಕಿಯಲ್ಲದ್ದೇನೋ ಬಂದಿದೆ. ಸೋರ್ಸ್ ತೆರೆದರೆ ಆ ಫೀಲ್ಡಿಗೆ ನ್ಯೂಮರಿಕ್ ಚೆಕ್ ಆಗಲೇ ಇದೆ, ಜೂನ್‌ನಲ್ಲಿ ಸೇರಿಸಿದ್ದು. ಓಡುವ ಮಾಡ್ಯೂಲುಗಳನ್ನಿಡುವ ಲೋಡ್ ಲೈಬ್ರರಿಯಲ್ಲಿ ಮಾಡ್ಯೂಲಿನ ತಾರೀಕೂ ಹೊಸದೇ. ಮತ್ತೆ ಬಿದ್ದದ್ದು ಯಾಕೆ?

ಮಾಡ್ಯೂಲಿನೊಳಗೆ ಏನಿದೆ ಎಂದು ಪಟ್ಟಿಮಾಡುವ ಎಎಂಬಿಲಿಸ್ಟ್‌ಗೆ, ಗುರುತಿನ ದಾಖಲೆ ತೋರಿಸುವ ಲಿಸ್ಟ್‌ಐಡಿಆರ್ ಆಜ್ಞೆ ಕೊಟ್ಟೆ. ಒಂದೊಂದು ಸಿಸೆಕ್ಟಿನದೂ (ಮಾಡ್ಯೂಲಿನೊಳಗಿನ ಒಂದು ತುಂಡು) ಯಾವ ಕಂಪೈಲರ್, ಯಾವ ವರ್ಷದ ಎಷ್ಟನೇ ದಿನ ಎಂದು ಬಂತು. ಮುಖ್ಯ ಪ್ರೋಗ್ರಾಂ 2023ರ 171ನೇ ದಿನದ್ದು. ಅದರೊಳಗೆ ಸ್ಟ್ಯಾಟಿಕ್ ಆಗಿ, ಅಂದರೆ ಬೈಂಡ್ ವೇಳೆಯೇ ಸೇರಿ, ಕೂತಿದ್ದ ಬಡ್ಡಿ ಸಬ್‌ರೂಟೀನ್ 2019ರ 38ನೇ ದಿನದ್ದು! ಯೂಸರ್ ಡೇಟಾದಲ್ಲಿ ಅಂದು ನಾನೇ ಐಡೆಂಟಿಫೈಯಲ್ಲಿ ಬರೆದಿದ್ದ ಬದಲಾವಣೆ ನಂಬರ್. ಬೈಂಡ್ ಮಾಡುವಾಗ ಲೈಬ್ರರಿಗಳ ಸಾಲು ಹಿಂದುಮುಂದಾಗಿ, ಆ ಚೆಕ್ ಇಲ್ಲದ ಹಳೆಯದು ಒಳಬಂದಿತ್ತು. ಸಾಲು ಸರಿಮಾಡಿ ಮತ್ತೆ ಬೈಂಡ್ ಮಾಡಿದೆ, ಬೆಳಕು ಹರಿಯುವ ಮೊದಲು ಜಾಬ್ ಮುಗಿಯಿತು.

ಅಪ್ಪಯ್ಯ ಮಂಡಿಗೆ ಕಳಿಸುವ ಅಡಿಕೆ ಚೀಲದ ಮೇಲೆ ಹೆಸರು ಬರೆದು, ಒಳಗೂ ಒಂದು ಚೀಟಿ ಹಾಕುತ್ತಾರೆ. ಹೊರಗಿನದು ಮಳೆಗೆ ಅಳಿಸಿಹೋದರೂ ಒಳಗಿನದು ಉಳಿಯಲಿ ಎಂದು. ನನಗೆ ಐಡೆಂಟಿಫೈ ಆ ಒಳಗಿನ ಚೀಟಿ.

ಕೊರತೆಗಳಿವೆ, ಆದ್ದರಿಂದ 5ಕ್ಕೆ 4 ಅಂಕ. ಲೋಡ್ ಮಾಡ್ಯೂಲಿನಲ್ಲಿ 40 ಅಕ್ಷರವಷ್ಟೇ ಹಿಡಿಯುತ್ತದೆ. ಆ ಸಿಸೆಕ್ಟ್ ಇರುವ ಮಾಡ್ಯೂಲಿನ ಇನ್‌ಕ್ಲೂಡ್ (ಒಳಸೇರಿಸುವ ಸ್ಟೇಟ್‌ಮೆಂಟ್) ಆದ ಮೇಲೆಯೇ ಈ ಸ್ಟೇಟ್‌ಮೆಂಟ್ ಬರಬೇಕು. ಸಿಸೆಕ್ಟ್ ಬದಲಾದರೆ ಹಳೆಯ ಬರಹವೂ ಅದರ ಜೊತೆ ಹೋಗುತ್ತದೆ, ಹಾಗಾಗಿ ಪ್ರತಿ ಸಲವೂ ಬರೆಯಲೇಬೇಕು.

ಕೋಬಾಲ್ ಪ್ರೋಗ್ರಾಂ ತನ್ನ ಫೀಲ್ಡುಗಳನ್ನಿಡುವ ವರ್ಕಿಂಗ್ ಸ್ಟೋರೇಜಿನಲ್ಲಿ ವರ್ಷನ್ ಬರೆದಿಟ್ಟರೆ ಸಾಲದೇ ಎಂದು ಹೊಸಬರು ಕೇಳುತ್ತಾರೆ. ಡಂಪ್ (ಅಬೆಂಡ್ ಆದಾಗಿನ ಮೆಮೊರಿಯ ನಕಲು) ಓದುವಾಗ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ ನಿಜ. ಆದರೆ ಆ ಫೀಲ್ಡನ್ನು ಪ್ರೋಗ್ರಾಂ ಎಲ್ಲೂ ಬಳಸದಿದ್ದರೆ, ಆಪ್ಟಿಮೈಸೇಶನ್ ಆಯ್ಕೆಗೆ ತಕ್ಕಂತೆ ಕಂಪೈಲರ್ ಅದನ್ನು ತೆಗೆದೇಬಿಡಬಹುದು.

ಈಗ ನಮ್ಮ ಬಿಲ್ಡ್ ಜೆಸಿಎಲ್‌ನಲ್ಲಿ (ಜಾಬ್ ಓಡಿಸುವ ಸೂಚನೆಗಳು) ಬೈಂಡ್ ಆದೊಡನೆ ಲಿಸ್ಟ್‌ಐಡಿಆರ್ ಓಡುತ್ತದೆ. ಒಳಗಿನ ಪ್ರತಿ ಸಿಸೆಕ್ಟಿನ ದಿನವನ್ನೂ ಒಬ್ಬರು ಕಣ್ಣಾರೆ ನೋಡಿದ ಮೇಲೆಯೇ ಮಾಡ್ಯೂಲ್ ಪ್ರೊಡಕ್ಷನ್‌ಗೆ ಹೋಗುತ್ತದೆ.